ಮಾಲ್ಡೀವ್ಸ್ ದ್ವೀಪಗಳಿಗೆ ಆನ್‌ಲೈನ್ ಅಂಗಡಿ ಆ್ಯಪ್ ಮಾಡಿದ್ರೆ ಓಡುತ್ತಾ? ಗೊತ್ತಿರೋರು ಹೇಳಿ

ಕೋಡುಬಳೆ_ಕೋಡರ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಗೆಳೆಯರು, ಮೂವರೂ ಸಾಫ್ಟ್‌ವೇರ್ ಕೆಲಸದವರು. ಹೋದ ತಿಂಗಳು ಮಾಲ್ಡೀವ್ಸ್‌ಗೆ ಹೋಗಿದ್ವಿ. ರೆಸಾರ್ಟ್‌ಗಲ್ಲ, ಅಷ್ಟು ದುಡ್ಡು ಯಾರತ್ರ ಇದೆ. ಮಾಫುಶಿ ಅನ್ನೋ ದ್ವೀಪದ ಗೆಸ್ಟ್‌ಹೌಸಲ್ಲಿ ಇದ್ವಿ. ನನ್ನ ಫೋನಿನ ಚಾರ್ಜರ್ ಕೈಕೊಡ್ತು. ಅಂಗಡಿಗೆ ಹೋಗಿ ಕೇಳಿದ್ರೆ ಆ ಹುಡುಗ ಫೋನ್ ತೆಗೆದು ಯಾರಿಗೋ ಮೆಸೇಜ್ ಹಾಕಿ, "ನಾಳೆ ಸಂಜೆ ಬೋಟಲ್ಲಿ ಬರುತ್ತೆ" ಅಂದ. ಬಂತು ಕೂಡ.

ಅವತ್ತಿಂದ ತಲೆಯಲ್ಲಿ ಒಂದೇ ಹುಳ. ಅಲ್ಲಿ ಎಲ್ಲರ ಕೈಲೂ ಸ್ಮಾರ್ಟ್‌ಫೋನು, ಇಂಟರ್ನೆಟ್ ಚೆನ್ನಾಗಿದೆ. ಆದ್ರೆ ನಮ್ಮಲ್ಲಿರೋ ಹಾಗೆ ಬೆಳಗ್ಗೆ ಒತ್ತಿದ್ರೆ ಸಂಜೆ ಬಾಗಿಲಿಗೆ ಬರೋ ವ್ಯವಸ್ಥೆ ಕಾಣ್ಲಿಲ್ಲ. ಅಲ್ಲಿನ ಅಂಗಡಿಗಳನ್ನೆಲ್ಲ ಒಂದು ಆ್ಯಪ್‌ಗೆ ಸೇರಿಸಿ, ಕಾರ್ಡ್ ಪೇಮೆಂಟ್ ಇಟ್ಟು, ಡೆಲಿವರಿ ಟ್ರ್ಯಾಕಿಂಗ್ ಕೊಟ್ರೆ ಓಡುತ್ತಾ? ಅಲ್ಲಿ ಗೆದ್ರೆ ಆಮೇಲೆ ಫಿಜಿ, ಮಾರಿಷಸ್, ಸಮೋವಾ ಅಂತ ಒಂದೊಂದೇ ದ್ವೀಪದೇಶ ಹಿಡೀಬಹುದು ಅನ್ನೋದು ನಮ್ಮ ಲೆಕ್ಕ. ಅಲ್ಲಿರೋರು, ಇದ್ದು ಬಂದೋರು ದಯವಿಟ್ಟು ಹೇಳಿ. ಬೈದ್ರೂ ಪರವಾಗಿಲ್ಲ.

ಮಂಡ್ಯದ್_ಮಾತು

ಬೈಯೋಕೆ ನಾನೇ ಮೊದ್ಲು ಬಂದೆ. 2022ರ ಜನಗಣತಿಲಿ ಇಡೀ ದೇಶದ ಜನ 5 ಲಕ್ಷ 15 ಸಾವಿರ. ಮೈಸೂರಿನ ಅರ್ಧ ಆಗಲ್ಲ ಕಣಪ್ಪ. ಆ ಅರ್ಧ ಮೈಸೂರನ್ನ ಚೂರು ಚೂರು ಮಾಡಿ ಬೀದರ್‌ನಿಂದ ಹಿಡಿದು ಚಾಮರಾಜನಗರದಿಂದಾಚೆಗೂ ನೀರಿನ ಮೇಲೆ ಚೆಲ್ಲಿದಂಗೆ. ನಿಮ್ ಡೆಲಿವರಿ ಹುಡುಗನಿಗೆ ಬೈಕ್ ಕೊಡ್ಸೋ ಮುಂಚೆ ಈಜು ಕಲಿಸ್ರಿ.

ಕಡಲಾಚೆ_ಮೇಷ್ಟ್ರು

ಮಂಡ್ಯದವರು ತಮಾಷೆಗೆ ಹೇಳಿದ್ದೇ ಸರಿಯಾದ ಲೆಕ್ಕ. ನಾನು ಶಿರಸಿ ಕಡೆಯವನು. ಹನ್ನೊಂದು ವರ್ಷದಿಂದ ಇಲ್ಲಿ ಧಾಲು ಎಂಬ ಹವಳದಿಬ್ಬದ (ದ್ವೀಪಗಳ ಒಂದು ಗುಂಪು) ಮೀಧೂ ಎಂಬ ದ್ವೀಪದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಸುಮಾರು 1,200 ದ್ವೀಪಗಳಲ್ಲಿ ಜನವಸತಿ ಇರುವುದು 200ಕ್ಕೂ ಕಡಿಮೆ. ಜನರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ರಾಜಧಾನಿ ಮಾಲೆಯಲ್ಲೇ ಇದ್ದಾರೆ. ಮಾಲೆಗೂ ಪಕ್ಕದ ಹುಲುಮಾಲೆ ದ್ವೀಪಕ್ಕೂ 2018ರಲ್ಲಿ ಸೇತುವೆ ಆದ ಮೇಲೆ ಆ ಭಾಗಕ್ಕೆ ನಿಮ್ಮ ಬೆಂಗಳೂರಿನ ಹಾಗೆಯೇ ಬೈಕಿನಲ್ಲಿ ಊಟ, ಕಿರಾಣಿ ಎಲ್ಲ ಬರುತ್ತದೆ. ಉಳಿದ ದ್ವೀಪಗಳ ಕತೆ ಬೇರೆ.

ಆದರೆ ತಮ್ಮಾ, ಇಲ್ಲಿ ಆನ್‌ಲೈನ್ ವ್ಯಾಪಾರ ಇಲ್ಲ ಎಂದು ನಿನಗೆ ಯಾರು ಹೇಳಿದರು? ನಿನ್ನ ಚಾರ್ಜರ್ ಬಂದದ್ದೇ ಆನ್‌ಲೈನಿನಲ್ಲಿ! ನಿನಗೆ ಆ್ಯಪ್ ಕಾಣಲಿಲ್ಲ, ಅಷ್ಟೇ.

ನಡೆಯುವ ರೀತಿ ಹೀಗೆ. ಮಾಲೆಯ ಅಂಗಡಿಯವರು ವೈಬರ್ ಗುಂಪು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ವಾಟ್ಸಾಪ್ ಇದ್ದ ಹಾಗೆ ಇಲ್ಲಿ ವೈಬರ್. ಫೋಟೋ, ಬೆಲೆ ಹಾಕುತ್ತಾರೆ. ಬೇಕೆಂದರೆ ಅವರ ಖಾತೆಗೆ ಫೋನಿನಿಂದಲೇ ಹಣ ಹಾಕಿ ಅದರ ಸ್ಕ್ರೀನ್‌ಶಾಟ್ ಕಳಿಸಬೇಕು. ಅದಕ್ಕೆ "ಸ್ಲಿಪ್" ಅನ್ನುತ್ತಾರೆ. ಇಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು ಅದು: "ಸ್ಲಿಪ್ ಕಳಿಸಿ." ಸ್ಲಿಪ್ ಮುಟ್ಟಿದ ಮೇಲೆ ಅಂಗಡಿಯ ಹುಡುಗ ಪೆಟ್ಟಿಗೆ ಕಟ್ಟಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಮನೆ ಹೆಸರು, ದ್ವೀಪದ ಹೆಸರು, ಫೋನ್ ನಂಬರ್ ಬರೆದು ಬಂದರಿಗೆ ತರುತ್ತಾನೆ. ಮಾಲೆಯ ಉತ್ತರ ದಡದಲ್ಲಿ, ತರಕಾರಿ ಮಾರುಕಟ್ಟೆಯ ಎದುರಿಗೆ, ಸಾಲಾಗಿ ದೋಣಿಗಳು. ಒಂದೊಂದರ ಮುಂದೆಯೂ ಬೋರ್ಡು: ಯಾವ ದ್ವೀಪ, ಯಾವಾಗ ಹೊರಡುತ್ತದೆ. ಪೆಟ್ಟಿಗೆ ಕೊಟ್ಟು ಬಂದರೆ ಅವನ ಕೆಲಸ ಮುಗಿಯಿತು. ಇಲ್ಲಿ ದೋಣಿ ಬಂತೆಂದರೆ ಅರ್ಧ ಊರು ದೋಣಿ ನಿಲ್ಲುವ ಧಕ್ಕೆಯಲ್ಲಿ. ಅವರವರ ಪೆಟ್ಟಿಗೆ ಹುಡುಕಿ, ಬಾಡಿಗೆ ಕೊಟ್ಟು, ತಳ್ಳುಗಾಡಿಯಲ್ಲಿ ಮನೆಗೆ. ಅಂದ ಹಾಗೆ, ದೋಣಿಗೆ ಇವರೂ "ದೋನಿ" ಎಂದೇ ಅನ್ನುವುದು. ಬಂದ ಹೊಸತರಲ್ಲಿ ಇಲ್ಲಿನ ದಿವೇಹಿ ಭಾಷೆಯಲ್ಲಿ ನನಗೆ ಗೊತ್ತಿದ್ದ ಏಕೈಕ ಪದ.

ಕೋಡುಬಳೆ_ಕೋಡರ್

ಮೇಷ್ಟ್ರೇ, ಇದು ಸೂಪರ್! ಆದ್ರೆ ನೀವು ಹೇಳಿದ್ರಲ್ಲೇ ಎಷ್ಟು ತೂತು ಇದೆ ನೋಡಿ. ಸ್ಲಿಪ್ ನಕಲಿ ಮಾಡಬಹುದು. ಪೆಟ್ಟಿಗೆ ಕಳೆದುಹೋಗಬಹುದು. ಮನೆ ಹೆಸರು ಬರೆದ್ರೆ ವಿಳಾಸ ಆಗುತ್ತಾ? ಇದನ್ನೇ ನಾವು ಸರಿ ಮಾಡ್ತೀವಿ ಅನ್ನೋದು.

ಕಡಲಾಚೆ_ಮೇಷ್ಟ್ರು

ನಕಲಿ ಸ್ಲಿಪ್ ನಿಜ. ಹಳೆಯ ಸ್ಲಿಪ್ಪಿನ ತಾರೀಖು ತಿದ್ದಿ ಕಳಿಸಿ ಸಾಮಾನು ಹೊಡೆದುಕೊಂಡು ಹೋದವರಿದ್ದಾರೆ. ಮೊದಲು ಬೇರೆ ಬೇರೆ ಬ್ಯಾಂಕುಗಳ ನಡುವೆ ಹಣ ತಕ್ಷಣ ಹೋಗುತ್ತಿರಲಿಲ್ಲ, ಹಾಗಾಗಿ ಸ್ಲಿಪ್ಪನ್ನೇ ನಂಬಬೇಕಿತ್ತು. 2023ರಲ್ಲಿ ಕೇಂದ್ರ ಬ್ಯಾಂಕು "ಫವರಾ" ಎಂಬ ತಕ್ಷಣ ಪಾವತಿ ವ್ಯವಸ್ಥೆ ತಂದಿತು, ನಮ್ಮ ಯುಪಿಐ ಜಾತಿಯದು. ಈಗ ಹಣ ಬಂತೋ ಇಲ್ಲವೋ ಅಂಗಡಿಯವನಿಗೆ ಕೂಡಲೇ ಗೊತ್ತಾಗುತ್ತದೆ. ಆದರೂ ಸ್ಲಿಪ್ ಕೇಳುವ ಚಟ ಬಿಟ್ಟಿಲ್ಲ.

ಮನೆ ಹೆಸರಿನ ಬಗ್ಗೆ ನಗಬೇಡ. ಇಲ್ಲಿ ಪ್ರತಿ ಮನೆಗೂ ಹೆಸರಿದೆ, ಸರ್ಕಾರಿ ಕಾಗದದಲ್ಲೂ ಅದೇ ವಿಳಾಸ. ಫಿನಿಫೆನ್‌ಮಾಗೆ ಎಂದರೆ ಗುಲಾಬಿ ಮನೆ. ಕೊನೆಯ "ಗೆ" ಅಂದರೆ ಮನೆ. ಸಾವಿರ ಜನರಿರುವ ದ್ವೀಪದಲ್ಲಿ ಗುಲಾಬಿ ಮನೆ ಯಾರದೆಂದು ಮೂರು ವರ್ಷದ ಮಗುವೂ ತೋರಿಸುತ್ತದೆ. ತೊಂದರೆ ಮನೆಯದಲ್ಲ, ದ್ವೀಪದ್ದು.

ನನ್ನದೇ ಕೇಳು. ಹೋದ ರಂಜಾನಿಗೆ ಮುಂಚೆ ನಮ್ಮ ಮಿಕ್ಸಿಯ ಜಾರು ಒಡೆಯಿತು. ಹೆಂಡತಿ ಇಲ್ಲಿಗೆ ಬರುವಾಗ ಊರಿಂದ ತಂದ ಮಿಕ್ಸಿ. ಮಾಲೆಯ ಒಂದು ಅಂಗಡಿಯ ಗುಂಪಿನಲ್ಲಿ ಅದೇ ಕಂಪನಿಯ ಜಾರು ಕಂಡು ಹಣ ಹಾಕಿದೆ, ಸ್ಲಿಪ್ ಕಳಿಸಿದೆ. ಹುಡುಗ ಪೆಟ್ಟಿಗೆಯ ಮೇಲೆ ಚೆಂದಾಗಿ ಬರೆದ: ನನ್ನ ಹೆಸರು, ಮನೆ, ಮೀಧೂ. ದ್ವೀಪದ ಹೆಸರಿಗೆ ಮೊದಲು ಬರೆಯುವ ಹವಳದಿಬ್ಬದ ಗುರುತಿನ ಅಕ್ಷರ ಬಿಟ್ಟ. ಈ ದೇಶದಲ್ಲಿ ಮೀಧೂ ಮೂರಿವೆ! ನಮ್ಮ ಧಾಲುವಿನಲ್ಲೊಂದು, ಉತ್ತರದ ರಾ ದಿಬ್ಬದಲ್ಲೊಂದು, ದಕ್ಷಿಣದ ತುದಿಯ ಅಡ್ಡುವಿನಲ್ಲೊಂದು. ಅದಕ್ಕೇ ಆ ಅಕ್ಷರ ಬರೆಯಲೇಬೇಕು. ಹಿಥಧೂ, ಫೇಧೂ ಹೆಸರಿನವೂ ಎರಡೆರಡಿವೆ. ನನ್ನ ಜಾರು ಉತ್ತರಕ್ಕೆ ಪ್ರಯಾಣ ಬೆಳೆಸಿತು. ನಾನು ಮೂರು ಸಂಜೆ ಧಕ್ಕೆಗೆ ಹೋಗಿ ಬರಿಗೈಯಲ್ಲಿ ಬಂದೆ. ಮಸಾಲೆ ರುಬ್ಬಲು ಪಕ್ಕದ ಮನೆಯ ಒರಳು.

ಮಂಡ್ಯದ್_ಮಾತು

ಮೂರು ಮೀಧೂ! ನಮ್ ಕಡೆ ಹೊಸಳ್ಳಿ ಲೆಕ್ಕ ಹಾಕೋಕೆ ಬನ್ನಿ ಮೇಷ್ಟ್ರೇ, ಬೆರಳು ಸಾಲಲ್ಲ.

ಬಂದರ್_ಲೆಕ್ಕ (ಮಂಗಳೂರು)

ಮೇಷ್ಟ್ರು ಹೇಳಿದ್ದು ಓದಿ ನಂಗೆ ನಮ್ಮ ಹಳೆ ಬಂದರೇ ಕಂಡ ಹಾಗೆ ಆಯ್ತು ಮಾರಾಯ್ರೆ. ನಾನು ಇಲ್ಲಿ ಲಕ್ಷದ್ವೀಪಕ್ಕೆ ಸರಕು ಕಳಿಸುವ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವ. ಲಕ್ಷದ್ವೀಪ ಬೇರೆ ದೇಶ ಅಲ್ಲ, ಗೊತ್ತುಂಟು. ಆದ್ರೆ ಕಡಲು ಒಂದೇ ಅಲ್ವಾ? ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ, ಈ ಅಮಿನ್‌ದಿವಿ ದ್ವೀಪಗಳು 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು. ಇಲ್ಲಿಯ ಹುಡುಗರಿಗೆ ಹೇಳಿದ್ರೆ ನಂಬುವುದಿಲ್ಲ.

ಇಲ್ಲಿಂದ ಮಂಜಿಯಲ್ಲಿ, ಅಂದ್ರೆ ಸರಕಿನ ದೊಡ್ಡ ದೋಣಿಯಲ್ಲಿ, ತರಕಾರಿ, ಅಕ್ಕಿ, ಜಲ್ಲಿ, ಸಿಮೆಂಟು ಎಲ್ಲ ಹೋಗ್ತದೆ. ನಿಮ್ಮ ಆ್ಯಪಿಗೆ ಎರಡು ಸಂಗತಿ ಹೇಳ್ತೇನೆ ಕೋಡರ್ ಅವರೇ. ಒಂದು, ಮಳೆಗಾಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ವರೆಗೆ ಮಂಜಿ ಕಡಲಿಗೆ ಇಳಿಯುವ ಹಾಗಿಲ್ಲ. ನಾಲ್ಕು ತಿಂಗಳು! ನಿಮ್ಮ ಆ್ಯಪಿನಲ್ಲಿ "ನಾಳೆ ತಲುಪುತ್ತದೆ" ಅಂತ ಹಸಿರು ಅಕ್ಷರದಲ್ಲಿ ತೋರಿಸ್ತೀರಲ್ಲ, ಅಲ್ಲಿ "ಮಳೆ ಬಿಟ್ಟ ಮೇಲೆ" ಅಂತ ಬರೀಬೇಕು.

ಎರಡನೇದು ಇನ್ನೂ ದೊಡ್ಡದು. ಹೋಗುವಾಗ ಮಂಜಿ ತುಂಬಿ ಹೋಗ್ತದೆ, ಬರುವಾಗ ಎಂತ ಉಂಟು? ಸ್ವಲ್ಪ ಕೊಬ್ಬರಿ, ಸ್ವಲ್ಪ ಮಾಸ್ ಮೀನು (ಒಣಗಿಸಿದ ಟ್ಯೂನಾ). ಇಲ್ಲದಿದ್ರೆ ಖಾಲಿ. ಬರುವ ಡೀಸೆಲಿನ ದುಡ್ಡನ್ನೂ ಹೋಗುವ ಪೆಟ್ಟಿಗೆಯೇ ಕೊಡಬೇಕಲ್ವಾ? ದ್ವೀಪದಲ್ಲಿ ಎಲ್ಲ ತುಟ್ಟಿ ಯಾಕೆ ಅಂತ ಜನ ಕೇಳ್ತಾರೆ. ಇದೇ ಕಾರಣ. ಆ್ಯಪ್ ಹಾಕಿದ್ರೆ ಖಾಲಿ ಮಂಜಿ ತುಂಬುವುದಿಲ್ಲ.

ಫ್ಲೋರಿಡಾ_ಗೋದಾಮು

ಖಾಲಿ ಹಡಗಿನ ಮಾತಿಗೆ ನನ್ನದೂ ಒಂದು. ನಾನಿರೋದು ಮಯಾಮಿ. ಇಲ್ಲಿ ಡೋರಲ್ ಅನ್ನೋ ಕಡೆ ಬರೀ ಗೋದಾಮುಗಳೇ. ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್ ಜನ ಅಮೆರಿಕದ ಅಂಗಡಿಗಳಿಂದ ಆನ್‌ಲೈನ್‌ನಲ್ಲಿ ಕೊಳ್ಳೋದು ಹೇಗೆ ಗೊತ್ತಾ? ಅನೇಕ ಅಂಗಡಿಗಳು ಆ ದ್ವೀಪಗಳಿಗೆ ನೇರ ಕಳಿಸಲ್ಲ. ಅದಕ್ಕೆ ಕೊರಿಯರ್‌ನವರು ಪ್ರತಿಯೊಬ್ಬ ಗಿರಾಕಿಗೂ ಮಯಾಮಿಯಲ್ಲಿ ಒಂದು ವಿಳಾಸ ಕೊಟ್ಟಿರ್ತಾರೆ. ಒಂದೇ ಕಟ್ಟಡ, ಸಾವಿರಾರು ಗಿರಾಕಿ, ಕೊನೇಲಿ ಒಂದು ನಂಬರ್ ಮಾತ್ರ ಬೇರೆ. ಸಾಮಾನು ಇಲ್ಲಿಗೆ ಬರುತ್ತೆ, ತೂಕ ಹಾಕಿ ವಿಮಾನ ಹತ್ತಿಸ್ತಾರೆ, ಅಲ್ಲಿ ಕಸ್ಟಮ್ಸ್ ಬಿಡಿಸಿಕೊಂಡು ಗಿರಾಕಿಗೆ ಫೋನ್ ಮಾಡ್ತಾರೆ. ಟ್ರಿನಿಡಾಡ್ ಸರ್ಕಾರ 2016ರಲ್ಲಿ ಇಂಥ ಆನ್‌ಲೈನ್ ಖರೀದಿಗೆಂದೇ ಶೇ 7 ತೆರಿಗೆ ಹಾಕ್ತು. ಡಾಲರ್ ಹೊರಗೆ ಹೋಗೋದು ಅವರಿಗೂ ತಲೆನೋವು.

ಹಾಗಾಗಿ ಕೋಡರ್, ನೀವು ಕಂಡುಹಿಡಿಯೋಕೆ ಹೊರಟಿದ್ದನ್ನ ದ್ವೀಪದ ಜನ ತಮ್ಮದೇ ರೀತೀಲಿ ಯಾವಾಗ್ಲೋ ಕಂಡುಹಿಡಿದುಕೊಂಡಿದ್ದಾರೆ.

ಕೋಡುಬಳೆ_ಕೋಡರ್

ಸರಿ, ಸಾಮಾನು ಸಾಗಿಸೋ ಕಷ್ಟ ಅರ್ಥ ಆಯ್ತು. ಪೇಮೆಂಟ್ ಕಡೆ ಆದ್ರೂ ಏನಾದ್ರೂ ಮಾಡಬಹುದಲ್ವಾ? ಮಾರಿಷಸ್‌ಗೆ ಯುಪಿಐ ಬಂತು, ಮಾಲ್ಡೀವ್ಸ್‌ಗೆ ರುಪೇ ಬಂತು ಅಂತ ಓದಿದ್ದೆ.

ಗಡಿಬಿಡಿ_ಗುಂಡಣ್ಣ

ಮಾಲ್ಡೀವ್ಸ್‌ಗೆ ಯಾಕ್ರೀ ಉದ್ಧಾರ ಮಾಡೋಕೆ ಹೋಗ್ತೀರಾ? 2024ರಲ್ಲಿ ಏನ್ ಮಾತಾಡಿದ್ರು ಮರೆತು ಹೋಯ್ತಾ? ನಮ್ಮ ಲಕ್ಷದ್ವೀಪಕ್ಕೆ ಮಾಡಿ

ನಿರ್ವಾಹಕ

ಗುಂಡಣ್ಣ, ಬಹಿಷ್ಕಾರದ ಜಗಳಕ್ಕೆ ಆಗಲೇ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವ್ಯಾಪಾರದ ಮಾತು ಮಾತ್ರ. ಇದರ ಕೆಳಗೆ ಬಂದ ನಾಲ್ಕು ಉತ್ತರ ತೆಗೆದಿದ್ದೇನೆ.

ಕರಿಬೇವು_ಕ್ವಾತ್ರ್‌ಬೋರ್ನ್ (ಮಾರಿಷಸ್)

ಯುಪಿಐ ಇಲ್ಲಿ ಶುರುವಾದದ್ದು 2024ರ ಫೆಬ್ರವರಿ 12ಕ್ಕೆ. ಊರಿಂದ ಬಂದ ಅತ್ತೆ ಮಾವ ಮಾರುಕಟ್ಟೇಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಖುಷಿಪಟ್ರು. ಅನುಕೂಲವೇ, ಇಲ್ಲ ಅನ್ನಲ್ಲ. ಆದ್ರೆ ಅದು ಗಿರಾಕಿ ಎದುರಿಗೇ ನಿಂತಿರೋ ವ್ಯಾಪಾರ. ದೂರದವರಿಗೆ ಮಾರೋ ಕಷ್ಟ ನೋಡಬೇಕಂದ್ರೆ ರೊಡ್ರಿಗಸ್‌ಗೆ ಹೋಗಬೇಕು. ಅದೂ ಮಾರಿಷಸ್‌ಗೇ ಸೇರಿದ್ದು, ಇಲ್ಲಿಂದ ಸುಮಾರು 600 ಕಿ.ಮೀ. ಆ ದ್ವೀಪದ ಜೇನು, ಪುಟ್ಟ ನಿಂಬೆ, ಮೆಣಸಿನಕಾಯಿ ಉಪ್ಪಿನಕಾಯಿ ಅಂದ್ರೆ ಇಲ್ಲಿನವರು ಪ್ರಾಣ ಬಿಡ್ತಾರೆ. 2019ರಲ್ಲಿ ಅಲ್ಲಿಗೆ ಸಮುದ್ರದಡಿ ಕೇಬಲ್ ಹೋಯ್ತು, ಇಂಟರ್ನೆಟ್ ಚೆನ್ನಾಗಾಯ್ತು. ಉಪ್ಪಿನಕಾಯಿ ಬಾಟ್ಲು ಮಾತ್ರ ಈಗ್ಲೂ ಬರೋದು ಹಡಗಿನಲ್ಲಿ, ಇಲ್ಲಾಂದ್ರೆ ಯಾರಾದ್ರೂ ವಿಮಾನದಲ್ಲಿ ಬರೋರ ಬ್ಯಾಗಿನಲ್ಲಿ.

ಕಡಲಾಚೆ_ಮೇಷ್ಟ್ರು

ಕರಿಬೇವು ಅವರು ಸರಿಯಾದ ಗಂಟಿಗೇ ಕೈ ಹಾಕಿದರು. ಈ ಎಳೆಯಲ್ಲಿ ಎಲ್ಲರೂ ದ್ವೀಪದವರು ಕೊಳ್ಳುವುದನ್ನೇ ಮಾತಾಡುತ್ತಿದ್ದೇವೆ. ಅವರು ಮಾರುವುದು ಯಾವಾಗ?

ಡಾಲರಿನ ಸಂಗತಿ ಮೊದಲು. ಇಲ್ಲಿನ ರುಫಿಯಾ ಒಂದು ಡಾಲರಿಗೆ 15.42ರ ಮೇಲೆ ಹೋಗದ ಹಾಗೆ ಕಟ್ಟಿ ಹಾಕಿದ್ದಾರೆ. ಆ ಬೆಲೆಗೆ ಡಾಲರ್ ಬೇಕೆಂದಾಗ ಸಿಗುವುದಿಲ್ಲ, ಹೊರಗೆ ಕೊಂಡರೆ ಹೆಚ್ಚು. ಅಕ್ಕಿಯಿಂದ ಇಟ್ಟಿಗೆಯವರೆಗೆ ಎಲ್ಲವೂ ಹೊರಗಿಂದ ಬರುವ ದೇಶ ಇದು. 2024ರ ಆಗಸ್ಟಿನಲ್ಲಿ ಇಲ್ಲಿನ ದೊಡ್ಡ ಬ್ಯಾಂಕೊಂದು ರುಫಿಯಾ ಖಾತೆಯ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಖರೀದಿಯನ್ನೇ ನಿಲ್ಲಿಸಿ, ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ 100 ಡಾಲರಿನ ಮಿತಿ ಹಾಕಿತು. ಕೇಂದ್ರ ಬ್ಯಾಂಕು ಅದೇ ದಿನ ಹಿಂದಕ್ಕೆ ತೆಗೆಸಿತು, ಆದರೆ ಆ ಒಂದು ದಿನ ಸ್ಟಾಫ್ ರೂಮಿನಲ್ಲಿ ಪಾಠದ ಮಾತೇ ಇರಲಿಲ್ಲ. ಹಾಗಾಗಿ ನೀನು ವಿದೇಶದ ಸಾಮಾನನ್ನು ಇವರಿಗೆ ಸುಲಭವಾಗಿ ಮಾರುವ ಆ್ಯಪ್ ಮಾಡಿದಷ್ಟೂ ಸರ್ಕಾರ ನಿನ್ನನ್ನು ಕಳ್ಳನ ಹಾಗೆ ನೋಡುತ್ತದೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಈಗ ಮಾರುವುದು. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಒಬ್ಬ ಅಮ್ಮ ಇದ್ದಾಳೆ. ರಿಹಾಕುರು ಮಾಡುತ್ತಾಳೆ. ಟ್ಯೂನಾ ಮೀನನ್ನು ಗಂಟೆಗಟ್ಟಲೆ ಕುದಿಸಿ ಕುದಿಸಿ ಕಪ್ಪು ಬೆಲ್ಲದ ಪಾಕದ ಹಾಗೆ ಇಳಿಸುವುದು. ನಾನು ಸಸ್ಯಾಹಾರಿ. ಗಾಳಿ ನಮ್ಮ ಕಡೆ ತಿರುಗಿದ ದಿನ ಕಿಟಕಿ ಹಾಕಿಕೊಳ್ಳುತ್ತೇನೆ, ಅದು ಬೇರೆ ಮಾತು. ಹಿಕಿಮಸ್ ಎಂಬ ಒಣಗಿಸಿದ ಟ್ಯೂನಾವನ್ನೂ ಮಾಡುತ್ತಾಳೆ. ಮಾಲೆಯವರು ವೈಬರಿನಲ್ಲಿ ಹೇಳಿ ತರಿಸಿಕೊಳ್ಳುತ್ತಾರೆ. ತಿರುವನಂತಪುರಕ್ಕೆ ಆಸ್ಪತ್ರೆಗೆ ಹೋಗುವವರು, ಕೊಲಂಬೊದಲ್ಲಿ, ಮಲೇಷ್ಯಾದಲ್ಲಿ ಓದುವ ಮಕ್ಕಳು ಎಲ್ಲರಿಗೂ ಅವಳ ಬಾಟಲಿ ಬೇಕು. ಒಬ್ಬಳೇ ಮಗಳು ಫೋಟೋ ತೆಗೆದು ಹಾಕುತ್ತಾಳೆ, ಚೆನ್ನಾಗಿಯೇ ಹಾಕುತ್ತಾಳೆ.

ಆದರೆ ಹೊರದೇಶದಿಂದ ಯಾರೋ ಗುರುತಿಲ್ಲದವರು ಹತ್ತು ಬಾಟಲಿ ಬೇಕು ಎಂದರೆ ಅವಳು ಹಣ ಹೇಗೆ ತೆಗೆದುಕೊಳ್ಳಬೇಕು? ಗುರುತಿನವರಾದರೆ ಮಾಲೆಯಲ್ಲಿರುವ ನೆಂಟರ ಖಾತೆಯಿಂದ ಹಾಕಿಸುತ್ತಾರೆ. ಗುರುತಿಲ್ಲದವನ ಡಾಲರ್ ಅವಳ ಖಾತೆಗೆ ಬರಲು ಸುಲಭದ ದಾರಿಯೇ ಇಲ್ಲ. ಇನ್ನು ಬಾಟಲಿ ಅಂಚೆಯಲ್ಲಿ ಹೋದರೆ ಅಂಚೆಯ ಖರ್ಚು ರಿಹಾಕುರುವಿಗಿಂತ ಜಾಸ್ತಿ. ಅಲ್ಲಿನ ಕಸ್ಟಮ್ಸಿನವರು ಇದೇನು ಕಪ್ಪು ಪಾಕ ಎಂದು ಮುಚ್ಚಳ ತೆಗೆದರೆ ಮುಗಿಯಿತು, ಅವತ್ತು ಇಡೀ ಕಚೇರಿಗೆ ರಜೆ.

ಮಂಡ್ಯದ್_ಮಾತು

ಸಸ್ಯಾಹಾರಿ ಮೇಷ್ಟ್ರು ಮೀನಿನ ಪಾಕದ ಬಗ್ಗೆ ಇಷ್ಟು ಬರೆದದ್ದಕ್ಕೆ ಒಂದು ಚಪ್ಪಾಳೆ.

ಕಡಲಾಚೆ_ಮೇಷ್ಟ್ರು

ಮತ್ತೆ ಇದೇ ದ್ವೀಪಗಳು ಆನ್‌ಲೈನಿನಲ್ಲಿ ಭರ್ಜರಿಯಾಗಿ ಮಾರುವ ಒಂದು ವಸ್ತು ಇದೆ. ಕೋಡರ್, ನೀನೇ ಅದನ್ನು ಕೊಂಡವನು. ಕೋಣೆ! ಜನವಸತಿ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು 2009ರ ಹೊತ್ತಿಗೆ ಸರ್ಕಾರ ಬಿಟ್ಟುಕೊಟ್ಟಿತು. ಅದಕ್ಕೂ ಮೊದಲು ಪ್ರವಾಸಿಗರು ರೆಸಾರ್ಟ್ ದ್ವೀಪದಲ್ಲೇ ಇರಬೇಕಿತ್ತು. ಈಗ ನಾಲ್ಕು ಕೋಣೆ ಇರುವ ಮನೆಯವನೂ ಜಗತ್ತಿನ ದೊಡ್ಡ ಬುಕಿಂಗ್ ತಾಣಗಳಲ್ಲಿ ಇದ್ದಾನೆ. ಯಾಕೆ ನಡೆಯಿತು ಹೇಳು? ಪೆಟ್ಟಿಗೆ ಕಟ್ಟುವ ತಾಪತ್ರಯ ಇಲ್ಲ, ದೋಣಿಯ ಬಾಡಿಗೆ ಇಲ್ಲ, ಮೂರು ಮೀಧೂಗಳ ಗೊಂದಲ ಇಲ್ಲ. ಗಿರಾಕಿಯೇ ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ, ಡಾಲರ್ ಜೇಬಿನಲ್ಲಿಟ್ಟುಕೊಂಡು ಸರಕಿನ ಬಾಗಿಲಿಗೆ ಬರುತ್ತಾನೆ. ಬುಕಿಂಗ್ ತಾಣದವರು ಕಮಿಷನ್ ಹಿಡಿಯುತ್ತಾರೆ, ಅದಕ್ಕೆ ಎಲ್ಲರೂ ಗೊಣಗುತ್ತಾರೆ, ಬಿಡುವವರು ಯಾರೂ ಇಲ್ಲ.

ಸುವಾದ_ಅಕ್ಕ (ಫಿಜಿ)

ಮೇಷ್ಟ್ರ ಮಾತು ಖರೆ ಅದ. ತೂಕ ಇಲ್ಲದ ಸಾಮಾನು ದ್ವೀಪದಿಂದ ಸರಳ ಹೋಗ್ತದ. ತುವಾಲು ನೋಡ್ರಿ, ಸುಮಾರು 11,000 ಮಂದಿ ಅಷ್ಟ. ಇಂಟರ್ನೆಟ್‌ನ್ಯಾಗ ತಾಣದ ಹೆಸರಿನ ಕೊನಿಗೆ ಬರೋ ಅವರ ದೇಶದ ಗುರುತಿನ ಎರಡು ಅಕ್ಷರ "ಟಿವಿ". ವಿಡಿಯೊ ತಾಣದವರೆಲ್ಲ ಅದನ್ನ ಬಯಸಿ ತಗೋತಾರ. ಬಾಡಿಗಿ ಪ್ರತಿ ವರ್ಷ ಸರ್ಕಾರಕ್ಕ ಬರ್ತದ. ಮಜಾ ಅಂದ್ರ, ಜಗತ್ತಿಗೆಲ್ಲಾ ಹೆಸರು ಮಾರೋ ಆ ದೇಶಕ್ಕ ಮೊದಲನೇ ಎಟಿಎಂ ಬಂದಿದ್ದು 2025ರ ಏಪ್ರಿಲ್‌ನ್ಯಾಗ! ಅಲ್ಲೀತನಕ ಎಲ್ಲಾ ನೋಟಿನ ವ್ಯವಹಾರ. ಎಟಿಎಂ ಉದ್ಘಾಟನೆಗೆ ಪ್ರಧಾನಮಂತ್ರಿನ ಬಂದಿದ್ರು, ಕೇಕ್ ಕತ್ತರಿಸಿದ್ರು.

ನಾನು ಧಾರವಾಡದಾಕಿ, ಹದಿನಾಲ್ಕು ವರ್ಷ ಆತು ಸುವಾದಾಗ, ಒಂದು ಸಗಟು ಅಂಗಡಿ ಲೆಕ್ಕ ನೋಡ್ತೀನಿ. ಫಿಜಿ ಮಾಲ್ಡೀವ್ಸ್‌ಗಿಂತ ದೊಡ್ಡದು, 300ಕ್ಕ ಮ್ಯಾಲ ದ್ವೀಪ, ಸುಮಾರು 110ರಾಗ ಮಂದಿ ಇದ್ದಾರ. ಇಲ್ಲೆ ಮನಿಗೆ ಅಂಚಿ ಬರೋದು ಕಡಿಮಿ, ಪೋಸ್ಟ್ ಆಫೀಸಿನ್ಯಾಗ ಪೆಟಿಗಿ ನಂಬರ್ ಇರ್ತದ, ನಾವ ಹೋಗಿ ತರಬೇಕು. ಮೊಬೈಲ್ ಹಣ 2010ರಾಗ ಬಂತು, ಎಂ-ಪೈಸಾ ಅಂತ. ದೂರದ ದ್ವೀಪಕ್ಕ ಹಡಗು ಓಡಿಸಿದ್ರ ಲಾಭ ಇಲ್ಲ. ಅದಕ್ಕ ಸರ್ಕಾರ ಸಬ್ಸಿಡಿ ಕೊಟ್ಟು ಓಡಿಸ್ತದ. ಆ ಹಡಗು ಬಂದಾಗ ಸಾಮಾನು, ಇಲ್ಲಂದ್ರ ಇಲ್ಲ.

2020ರಾಗ ಕೊರೊನಾ ಬಂದು ಹೋಟೆಲ್ ಎಲ್ಲಾ ಮುಚ್ಚಿದ್ವು. ಮಂದಿ ಕೈಯಾಗ ರೊಕ್ಕ ಇಲ್ಲ. ಆವಾಗ ಫೇಸ್‌ಬುಕ್‌ನ್ಯಾಗ ಒಂದು ಗುಂಪು ಹುಟ್ಟಿತು, ರೊಕ್ಕ ಇಲ್ಲದ ಬರೇ ಅದಲುಬದಲು. ನೋಡ್ತಾ ನೋಡ್ತಾ ಲಕ್ಷದ ಮ್ಯಾಲ ಮಂದಿ ಸೇರಿದ್ರು. ಹಂದಿ ಕೊಟ್ಟು ದೋಣಿ ತಗೊಂಡವರ ಸುದ್ದಿ ಪೇಪರಿನ್ಯಾಗ ಬಂತು. ನಾನೂ ಎರಡು ಹಳೇ ಪರದೆ ಕೊಟ್ಟು ಒಂದು ಬುಟ್ಟಿ ಕೆಸುವಿನ ಗಡ್ಡಿ, ಎರಡು ತೆಂಗಿನಕಾಯಿ ತಗೊಂಡೆ. ಪರದೆ ತಗೊಂಡಾಕಿ ಈಗೂ ನನ್ನ ಗೆಳತಿ. ನನ್ನ ಕೇಳಿದ್ರ ಫಿಜಿ ಕಂಡ ಅತಿ ದೊಡ್ಡ ಆನ್‌ಲೈನ್ ಪ್ಯಾಟಿ ಅದ. ಯಾವ ಕಂಪನಿನೂ ಕಟ್ಟಿದ್ದಲ್ಲ.

ಕೋಡುಬಳೆ_ಕೋಡರ್

ಅಕ್ಕಾ, ಫಿಜಿಯಿಂದ ಹೊರಗೆ ಮಾರೋದು ಏನಾದ್ರೂ ಇದೆಯಾ? ರಿಹಾಕುರು ಥರ?

ಸುವಾದ_ಅಕ್ಕ (ಫಿಜಿ)

ಅದ. ಕಾವಾ. ಒಂದು ಗಿಡದ ಬೇರು, ಪುಡಿ ಮಾಡಿ ನೀರಾಗ ಹಿಂಡಿ ಕುಡೀತಾರ. ನಾಲಿಗಿ ಜುಮ್ ಅಂತದ, ಮೈ ಸಡಿಲ ಆಗ್ತದ. ಇಲ್ಲೆ ಹುಟ್ಟಿನಿಂದ ಸಾವಿನ ತನಕ ಎಲ್ಲಾ ಕಾರ್ಯಕ್ಕೂ ಅದ ಬೇಕು. ಆಸ್ಟ್ರೇಲಿಯಾ 2021ರ ಡಿಸೆಂಬರಿನಿಂದ ವ್ಯಾಪಾರಕ್ಕ ತರಿಸ್ಕೊಳ್ಳಾಕ ಬಿಟ್ಟಿತು. ಅಲ್ಲಿರೋ ಫಿಜಿ, ಟೊಂಗಾ ಮಂದಿ ಈಗ ಆನ್‌ಲೈನ್‌ನ್ಯಾಗ ತರಿಸ್ತಾರ. ಪುಡಿ ಹಗುರ, ಕೆಡಂಗಿಲ್ಲ, ತೂಕಕ್ಕ ತಕ್ಕ ಬೆಲೆನೂ ಅದ. ನಿಮ್ಮ ರಿಹಾಕುರು ಬಾಟ್ಲಿ ಹಗುರಲ್ಲ, ತೂಕಕ್ಕ ತಕ್ಕ ಬೆಲೆನೂ ಇಲ್ಲ ನೋಡ್ರಿ ಮೇಷ್ಟ್ರ, ಅಲ್ಲೇ ಸೋಲ್ತದ. ಆದ್ರ ಕಾವಾದಾಗೂ ಬೇರು ಬೆಳೆದವನಿಗಿಂತ ಪಾಕೀಟು ಕಟ್ಟಿ ಹೆಸರು ಹಾಕಿದವನಿಗೆ ಹೆಚ್ಚು ಸಿಗೋದು. ಅದು ನಮ್ಮ ಬ್ಯಾಡಗಿ ಮೆಣಸಿನಕಾಯಿ ಕತಿನೂ ಹೌದು.

ಇನ್ನೊಂದು. ನೀವು ಟ್ರ್ಯಾಕಿಂಗ್, ಕಾರ್ಡು ಅಂತೀರಿ. ಕೇಬಲ್ ಕಡದ್ರ ಏನ್ ಮಾಡ್ತೀರಿ? 2022ರ ಜನವರಿ 15ಕ್ಕ ಟೊಂಗಾದಾಗ ಸಮುದ್ರದೊಳಗಿನ ಜ್ವಾಲಾಮುಖಿ ಸಿಡೀತು. ಇಲ್ಲೆ ಸುವಾದಾಗ ನಮಗ ಆ ಸಪ್ಪಳ ಕೇಳಿತು. 700 ಕಿ.ಮೀ.ಗಿಂತ ದೂರ! ತೋಪು ಹಾರಿಸಿದಂಗ, ಕಿಟಕಿ ಗದಗದ ನಡುಗಿದ್ವು. ಟೊಂಗಾಕ್ಕ ಇದ್ದಿದ್ದು ಒಂದ ಹೊರಗಿನ ಕೇಬಲ್, ಫಿಜಿಯಿಂದ ಹೋಗೋದು. ತುಂಡಾತು. ಸರಿ ಮಾಡಾಕ ಐದು ವಾರ ಹಿಡೀತು. ದೇಶದ ಒಳಗಿನ ದ್ವೀಪಗಳ ಕೇಬಲ್ ಸರಿಯಾಗಾಕ ಒಂದು ವರ್ಷದ ಮ್ಯಾಲ. ಆ ದೇಶದ ಆದಾಯದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊರಗ ದುಡಿಯೋ ಮಕ್ಕಳು ಕಳಿಸೋ ರೊಕ್ಕ. ನಮ್ಮ ಅಂಗಡಿಯಾಗ ಕೆಲಸ ಮಾಡೋ ಟೊಂಗಾದ ಹುಡುಗ ತಾಯಿಗೆ ರೊಕ್ಕ ಮುಟ್ಟಿತೋ ಇಲ್ಲೋ ಅಂತ ದಿನಾ ಫೋನ್ ಹಚ್ಚಿ ಹಚ್ಚಿ ಇಡ್ತಿದ್ದ.

ಫ್ಲೋರಿಡಾ_ಗೋದಾಮು

ಅದಕ್ಕೆ ಪರಿಹಾರ ಸರ್ಕಾರಿ ಡಿಜಿಟಲ್ ದುಡ್ಡು ಅಂತ ಕೆರಿಬಿಯನ್‌ನಲ್ಲಿ ಮಾಡಿ ನೋಡಿದ್ರು. ಬಹಾಮಾಸ್ 2020ರ ಅಕ್ಟೋಬರ್‌ನಲ್ಲೇ ಸ್ಯಾಂಡ್ ಡಾಲರ್ ತಂತು. ಪೂರ್ವ ಕೆರಿಬಿಯನ್ ದ್ವೀಪಗಳ ಕೇಂದ್ರ ಬ್ಯಾಂಕ್ 2021ರಲ್ಲಿ ಡಿಕ್ಯಾಶ್ ತಂತು. 2022ರ ಜನವರಿಯಲ್ಲಿ ಡಿಕ್ಯಾಶ್ ಕೆಟ್ಟು ಎರಡು ತಿಂಗಳ ಹತ್ತಿರ ಬಂದ್. 2024ರ ಜನವರಿಯಲ್ಲಿ ಆ ಪ್ರಯೋಗವನ್ನೇ ಮುಗಿಸಿದ್ರು. ಸ್ಯಾಂಡ್ ಡಾಲರ್ ಇದೆ, ಅಂಗಡೀಲಿ ಬಳಸೋರು ಕಡಿಮೆ.

ಸುವಾದ_ಅಕ್ಕ (ಫಿಜಿ)

ದ್ವೀಪದ ಸರ್ಕಾರಗಳು ಕೈಕಟ್ಟಿ ಕುಂತಿಲ್ಲ ಮತ್ತ. ಸಮೋವಾ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೋಡಿ ವ್ಯಾಪಾರಕ್ಕ ಅನುಕೂಲ ಆಗ್ಲಿ ಅಂತ ತಾರೀಖಿನ ಗೆರಿನ ದಾಟಿತು. ಅವರ ಕ್ಯಾಲೆಂಡರಿನ್ಯಾಗ 2011ರ ಡಿಸೆಂಬರ್ 30 ಬರಲೇ ಇಲ್ಲ, 29 ಆದಮ್ಯಾಲ ಸೀದಾ 31! ಮೊದಲ ಅವರದು ಭಾನುವಾರ ಇದ್ದಾಗ ಆಕ್ಲೆಂಡಿನ್ಯಾಗ ಸೋಮವಾರ ಆಫೀಸ್ ತೆರದಿರ್ತಿತ್ತು. ವ್ಯಾಪಾರಕ್ಕ ಅಂತ ಒಂದು ದಿನಾನ ಬಿಟ್ಟುಕೊಟ್ಟ ದೇಶ ಅದು.

ಮಂಡ್ಯದ್_ಮಾತು

ಆ ದಿನ ಸಂಬಳ ಕೊಟ್ರಾ?

ಸುವಾದ_ಅಕ್ಕ (ಫಿಜಿ)

ಅದು ಶುಕ್ರವಾರ ಆಗಿತ್ತು. ಕೆಲಸದವರಿಗೆ ಆ ದಿನದ ಪಗಾರ ಕೊಡಬೇಕು ಅಂತ ಸರ್ಕಾರ ಹೇಳಿತ್ತು. ನೀವು ಸಮೋವಾದಾಗ ಹುಟ್ಟಬೇಕಿತ್ತು.

ಕೋಡುಬಳೆ_ಕೋಡರ್

ಎಲ್ಲಾ ಓದಿದೆ, ಗೆಳೆಯರಿಗೂ ಕಳಿಸಿದೆ. ಒಬ್ಬ ಆಗಲೇ "ಬೇಡ ಬಿಡೋ" ಅಂದ. ನಂಗೆ ಬಿಡೋ ಮನಸ್ಸಿಲ್ಲ. ಅಂಗಡಿ ಆ್ಯಪ್ ಬೇಡ, ಒಪ್ಪಿದೆ. ಕಾರ್ಡ್ ಬೇಡ, ಫವರಾ ಇದೆ. ಮೇಷ್ಟ್ರೇ, ಒಂದೇ ಪ್ರಶ್ನೆ: ಯಾವ ದೋಣಿ, ಯಾವ ದಿನ, ಎಷ್ಟು ಹೊತ್ತಿಗೆ, ಪೆಟ್ಟಿಗೆ ಯಾರ ಹತ್ರ ಕೊಡಬೇಕು, ಇದೆಲ್ಲ ಒಂದು ಕಡೆ ಸಿಗುತ್ತಾ?

ಕಡಲಾಚೆ_ಮೇಷ್ಟ್ರು

ಪ್ರಯಾಣಿಕರ ಫೆರಿಯ ವೇಳಾಪಟ್ಟಿ ಸಿಗುತ್ತದೆ. ಸರಕಿನ ದೋಣಿಯದು ಆ ಬೋರ್ಡಿನಲ್ಲಿ, ಇಲ್ಲವಾದರೆ ಕ್ಯಾಪ್ಟನ್ನಿನ ಫೋನಿನಲ್ಲಿ. ಪ್ರತಿ ದ್ವೀಪದ ಗುಂಪಿನಲ್ಲೂ "ಇವತ್ತು ದೋಣಿ ಹೊರಟಿತಾ?" ಎಂದು ಯಾರಾದರೂ ಕೇಳುತ್ತಿರುತ್ತಾರೆ. ಗಾಳಿ ಜೋರಾದರೆ ಹೊರಡುವುದಿಲ್ಲ, ಲೋಡ್ ತುಂಬದಿದ್ದರೆ ಮರುದಿನ. ಕ್ಯಾಪ್ಟನ್ ದಿನಕ್ಕೆ ಅರವತ್ತು ಸಲ ಅದೇ ಉತ್ತರ ಹೇಳಿ ಹೇಳಿ ಬೇಸತ್ತಿರುತ್ತಾನೆ. ಅವನು ಒಂದು ಸಲ ಒತ್ತಿದರೆ ಎಲ್ಲರಿಗೂ ಗೊತ್ತಾಗುವ ಹಾಗೆ ಏನಾದರೂ ಮಾಡಿಕೊಟ್ಟರೆ ಅವನು ನಿನಗೆ ಹಸಿ ಟ್ಯೂನಾ ಕಳಿಸಿಯಾನು. ಆದರೆ ಅದು ವೈಬರಿನೊಳಗೇ ಇರಬೇಕು. ಹೊಸ ಆ್ಯಪ್ ಹಾಕಿಕೋ ಎಂದರೆ ಯಾರೂ ಹಾಕಿಕೊಳ್ಳುವುದಿಲ್ಲ. ಮತ್ತು ದ್ವೀಪದ ಹೆಸರು ಬರೆಯುವ ಕಡೆ ದಿಬ್ಬದ ಅಕ್ಷರ ಹಾಕದೆ ಮುಂದೆ ಹೋಗಲು ಬಿಡಬೇಡ.

ಇದರಿಂದ ನಿನಗೆ ದುಡ್ಡು ಹುಟ್ಟುತ್ತದೆಯೇ ಎಂದು ಕೇಳಿದರೆ, ಹುಟ್ಟುವುದಿಲ್ಲ ಎಂದೇ ನನ್ನ ಅನಿಸಿಕೆ.

ಬಂದರ್_ಲೆಕ್ಕ (ಮಂಗಳೂರು)

ಅದು ಆದ್ರೆ ನಮ್ಮ ಮಂಜಿಗೂ ಹಾಕಿ ಮಾರಾಯ್ರೆ. ಲಕ್ಷದ್ವೀಪಕ್ಕೂ 2024ರ ಜನವರಿಯಲ್ಲಿ ಕೊಚ್ಚಿಯಿಂದ ಕೇಬಲ್ ಬಂದಿದೆ, ಈಗ ಫೋನ್ ಸರಿ ಸಿಗ್ತದೆ. ನಂಗೂ ದಿನಕ್ಕೆ ಅರವತ್ತು ಕಾಲ್ ಬರ್ತದೆ. ಬರುವಾಗ ಖಾಲಿ ಬರುವ ಮಂಜಿ ಯಾವುದು ಅಂತಲೂ ಅದರಲ್ಲಿ ತೋರಿಸಿದ್ರೆ ಕೊಬ್ಬರಿಯವರು ಕೈ ಮುಗೀತಾರೆ. ದುಡ್ಡು ನಾನು ಕೊಡುವುದಿಲ್ಲ, ಬಂಗುಡೆ ಊಟ ಹಾಕಿಸ್ತೇನೆ.

ಕೋಡುಬಳೆ_ಕೋಡರ್

ಮಂಗಳೂರಿಗೆ ಮುಂದಿನ ಶನಿವಾರ ಬರ್ತೀನಿ. ಬಂಗುಡೆ ಮಾತು ಮರೀಬೇಡಿ.

ಮೇಷ್ಟ್ರೇ, ಕೊನೇದಾಗಿ: ಆ ಜಾರು ಏನಾಯ್ತು?

ಕಡಲಾಚೆ_ಮೇಷ್ಟ್ರು

ನಾಲ್ಕನೆಯ ದಿನ ಗುರುತಿಲ್ಲದ ನಂಬರಿನಿಂದ ವೈಬರಿಗೆ ಒಂದು ಫೋಟೋ ಬಂತು. ರಾ ದಿಬ್ಬದ ಮೀಧೂವಿನಿಂದ. ಅವರ ಧಕ್ಕೆಯ ಕಟ್ಟೆಯ ಮೇಲೆ ನನ್ನ ಪೆಟ್ಟಿಗೆ, ಪಕ್ಕದಲ್ಲಿ ಒಂದು ಬೆಕ್ಕು. ಕೆಳಗೆ ಇಂಗ್ಲಿಷಿನಲ್ಲಿ: "ಸಾರ್, ನಿಮ್ಮದಾ?" ಪೆಟ್ಟಿಗೆಯ ಮೇಲೆ ಫೋನ್ ನಂಬರ್ ಇತ್ತಲ್ಲ. ಆತ ಅದನ್ನು ಮಾಲೆಗೆ ಹೋಗುವ ದೋಣಿಗೆ ಹಾಕಿದ, ಮಾಲೆಯಲ್ಲಿ ಅಂಗಡಿಯ ಹುಡುಗ ಇಳಿಸಿಕೊಂಡು ನಮ್ಮ ದೋಣಿಗೆ ಹಾಕಿದ. ವಾಪಸ್ ಬಂದದ್ದಕ್ಕೆ ಯಾರೂ ನನ್ನಿಂದ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಜಾರು ಬಂತು. ಮುಚ್ಚಳ ಬರಲಿಲ್ಲ. ಹೆಂಡತಿ ಈಗಲೂ ಅದರ ಮೇಲೆ ತಟ್ಟೆ ಒತ್ತಿ ಹಿಡಿದು ಚಟ್ನಿ ರುಬ್ಬುತ್ತಾಳೆ.